ಮಾಡಿದವನಿಗೆ ಲೆಕ್ಕ ಕೊಡಬೇಕಾ? ಯಾವ ವಾದ ನಮ್ಮನ್ನು ಎಲ್ಲಿವರೆಗೆ ಮುಟ್ಟಿಸುತ್ತದೆ ಅಂತ ಒಂದು ಹೋಲಿಕೆ

ನನ್ನ ತಂಗಿಯ ಮಗ ಪಿಯುಸಿ ಓದುತ್ತಿದ್ದಾನೆ. ಹೋದ ವರ್ಷ ಒಂದು ವಿಡಿಯೊ ಕಳಿಸಿದ. ಜೀವಕೋಶದ ಒಳಗೆ ಪುಟ್ಟ ಪುಟ್ಟ ಯಂತ್ರಗಳು ಓಡಾಡುವ ಚಂದದ ಅನಿಮೇಷನ್. ಕೊನೆಯಲ್ಲಿ ಒಂದು ದನಿ ಹೇಳುತ್ತದೆ: ಯಂತ್ರ ಇದೆ ಅಂದರೆ ಮಾಡಿದವನು ಇದ್ದಾನೆ, ಮಾಡಿದವನು ಇದ್ದಾನೆ ಅಂದರೆ ನೀನು ಅವನಿಗೆ ಸೇರಿದವನು, ಹಾಗಾಗಿ ನಿನ್ನ ನಡತೆಗೆಲ್ಲ ಒಂದು ದಿನ ಅವನ ಮುಂದೆ ನಿಂತು ಲೆಕ್ಕ ಕೊಡಬೇಕು. ಅದರ ಕೆಳಗೆ ಹುಡುಗ ಬರೆದಿದ್ದ: "ಮಾಮ, ಇದು ನಿಜಾನಾ? ಸುಳ್ಳು ಅಂದ್ರೆ, ತಪ್ಪು ಮಾಡಿದಾಗ ಯಾರಿಗೆ ಉತ್ತರ ಹೇಳ್ಬೇಕು?"

ಅವತ್ತು ಒಂದು ಸಾಲಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ, ಅವನಿಗೂ, ಇದೇ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡವರಿಗೂ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಆ ವಿಡಿಯೊ ಎರಡು ಪ್ರಶ್ನೆಗಳನ್ನು ಒಂದೇ ಗಂಟಲ್ಲಿ ಕಟ್ಟಿದೆ. ಜೀವ ಹೇಗೆ ಆಯ್ತು ಅನ್ನೋದು ಒಂದು. ನಾನು ಯಾರಿಗೆ ಹೊಣೆ ಅನ್ನೋದು ಇನ್ನೊಂದು. ಗಂಟು ಬಿಚ್ಚಿ ಬೇರೆ ಬೇರೆ ಇಟ್ಟು ನೋಡಿದರೆ ಆಯ್ಕೆ ತುಂಬಾ ಸುಲಭವಾಗುತ್ತದೆ. ಬಿಚ್ಚದೇ ಇದ್ದರೆ ಒಂದು ಕಡೆ ಅನುಮಾನ ಬಂದ ದಿನ ಇನ್ನೊಂದೂ ಕೈಬಿಟ್ಟು ಹೋಗುತ್ತದೆ. ಹುಡುಗನ ಪ್ರಶ್ನೆಯಲ್ಲಿ ನನಗೆ ಕಾಣಿಸಿದ ಭಯ ಅದೇ.

ಜೀವ ಹೇಗಾಯ್ತು: ನಾಲ್ಕು ಉತ್ತರಗಳು

ಮೊದಲನೆಯದು ಬೈಬಲ್ಲಿನ ಆರು ದಿನದ ಸೃಷ್ಟಿಯನ್ನು ಅಕ್ಷರಶಃ ನಂಬುವವರದು. ಅಮೆರಿಕದ ಕೆಂಟಕಿಯಲ್ಲಿ 2007ರಲ್ಲಿ ಇದಕ್ಕೆಂದೇ ಒಂದು ಮ್ಯೂಸಿಯಂ ತೆರೆದರು, 2016ರಲ್ಲಿ ನೋಹನ ದೊಡ್ಡ ಹಡಗನ್ನೂ ಕಟ್ಟಿದರು. ಇವರ ಲೆಕ್ಕದಲ್ಲಿ ಭೂಮಿಗೆ ಸುಮಾರು 6,000 ವರ್ಷ. ಬೆಂಗಳೂರಿನವರು ಲಾಲ್‌ಬಾಗ್ ಬಂಡೆ ಮೇಲೆ ಹತ್ತಿ ನಿಂತಿರುತ್ತೀರಿ, ಅಲ್ವಾ? ಆ ಕಲ್ಲಿಗೇ ಸುಮಾರು 300 ಕೋಟಿ ವರ್ಷ ವಯಸ್ಸು. ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಿಲ್ಲ. ಒಂದು ಮಾತ್ರ ಒಪ್ಪಬೇಕು: ಇವರು ಮುಚ್ಚುಮರೆ ಇಲ್ಲದೆ ಮಾತಾಡುತ್ತಾರೆ. ದೇವರು ಯಾರು, ಏನು ಕೇಳುತ್ತಾನೆ, ಯಾಕೆ ಕೇಳುತ್ತಾನೆ, ಎಲ್ಲವನ್ನೂ ಹೆಸರು ಹಿಡಿದೇ ಹೇಳುತ್ತಾರೆ.

ಎರಡನೆಯದು ಇಂಟೆಲಿಜೆಂಟ್ ಡಿಸೈನ್. ಆ ವಿಡಿಯೊ ಇದರದ್ದೇ. ಬ್ರಿಟನ್ನಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲೇ ಇದರ ಮೂಲ ವಾದ ಹೇಳಿದ್ದರು: ಬಯಲಲ್ಲಿ ಒಂದು ಗಡಿಯಾರ ಸಿಕ್ಕರೆ ಅದನ್ನು ಯಾರೋ ಮಾಡಿದ್ದಾರೆ ಅಂತ ತಿಳಿಯುತ್ತೇವೆ, ಕಣ್ಣನ್ನು ನೋಡಿದರೂ ಹಾಗೇ ತಿಳಿಯಬೇಕು. 1990ರ ದಶಕದಲ್ಲಿ ಅಮೆರಿಕದಲ್ಲಿ ಇದು ಹೊಸ ರೂಪದಲ್ಲಿ ಬಂತು. ಕಾನೂನು ಪ್ರೊಫೆಸರ್ ಫಿಲಿಪ್ ಜಾನ್ಸನ್ ದಾರಿ ಹಾಕಿದರು. ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ ಉದಾಹರಣೆ ಕೊಟ್ಟರು. ಅವರು ಹೇಳುವುದು ಇಷ್ಟು: ಇಲಿ ಬೋನಿನ ಒಂದು ಭಾಗ ತೆಗೆದರೂ ಅದು ಇಲಿ ಹಿಡಿಯುವುದಿಲ್ಲ, ಬ್ಯಾಕ್ಟೀರಿಯಾದ ಬಾಲವೂ ಹಾಗೇ, ಮೋಟರಿನಂತೆ ತಿರುಗುವ ಅದರ ಒಂದೊಂದು ಭಾಗವೂ ಇರಲೇಬೇಕು, ಹಾಗಾಗಿ ಅದು ಹಂತ ಹಂತವಾಗಿ ಬಂದಿರಲು ಸಾಧ್ಯವಿಲ್ಲ, ಯಾರೋ ಯೋಚಿಸಿ ಮಾಡಿದ್ದಾರೆ. ಆ "ಯಾರೋ" ಯಾರು ಅಂತ ಮಾತ್ರ ಅವರ ಸಿದ್ಧಾಂತ ಹೇಳುವುದಿಲ್ಲ. ಈ ಮೌನವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಮೂರನೆಯದು ದೇವರನ್ನೂ ನಂಬಿ ವಿಕಾಸವನ್ನೂ, ಅಂದರೆ ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ನಿಧಾನವಾಗಿ ಬದಲಾಗುತ್ತಾ ಬಂದವು ಅನ್ನುವುದನ್ನೂ, ಒಪ್ಪುವವರ ದಾರಿ. ಮನುಷ್ಯನ ಡಿಎನ್‌ಎಯನ್ನು ಓದಿದ ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಭಕ್ತ ಕ್ರೈಸ್ತರು. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಅಂದರು. ಇವರ ದೃಷ್ಟಿಯಲ್ಲಿ ವಿಕಾಸವೇ ದೇವರು ಕೆಲಸ ಮಾಡುವ ರೀತಿ.

ನಾಲ್ಕನೆಯದು ವಿಕಾಸ ಸಾಕು, ಅದರ ಹಿಂದೆ ಯಾರೂ ಬೇಕಿಲ್ಲ ಅನ್ನುವುದು.

ಈಗ ಎರಡನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದು ಕೋರ್ಟಿನ ಪರೀಕ್ಷೆಗೂ ನಿಂತಿತ್ತು. 2004ರ ಅಕ್ಟೋಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್ ಎಂಬ ಸಣ್ಣ ಊರಿನ ಶಾಲಾ ಮಂಡಳಿ ಒಂದು ತೀರ್ಮಾನ ಮಾಡಿತು. ಒಂಬತ್ತನೇ ತರಗತಿ ಮಕ್ಕಳಿಗೆ ವಿಕಾಸವಾದದಲ್ಲಿ ಲೋಪಗಳಿವೆ, ಇಂಟೆಲಿಜೆಂಟ್ ಡಿಸೈನ್ ಅಂತ ಇನ್ನೊಂದು ವಿವರಣೆ ಇದೆ ಅಂತ ಓದಿ ಹೇಳಬೇಕು. ವಿಜ್ಞಾನದ ಮೇಷ್ಟ್ರುಗಳು ಓದಲು ಒಪ್ಪಲಿಲ್ಲ. 11 ಮಂದಿ ಪೋಷಕರು ಕೋರ್ಟಿಗೆ ಹೋದರು. ಅಲ್ಲಿ ಒಂದು ಸಂಗತಿ ಹೊರಬಂತು. ಮಂಡಳಿ ಮಕ್ಕಳಿಗೆ ಓದಲು ಸೂಚಿಸಿದ ಪಠ್ಯದ ಹಳೇ ಕರಡುಗಳನ್ನು ತೆಗೆದು ನೋಡಿದಾಗ, 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಯಲ್ಲಿ ಸೃಷ್ಟಿವಾದ ಕಲಿಸುವುದನ್ನು ತಡೆದ ಹೊತ್ತಿಗೆ, "ಕ್ರಿಯೇಷನಿಸ್ಟ್ಸ್" (ಸೃಷ್ಟಿವಾದಿಗಳು) ಅನ್ನುವ ಪದ ಇದ್ದ ಕಡೆಯಲ್ಲೆಲ್ಲ "ಡಿಸೈನ್ ಪ್ರೊಪೊನೆಂಟ್ಸ್" (ವಿನ್ಯಾಸದ ಪರ ಇರುವವರು) ಅಂತ ಬದಲಾಯಿಸಿದ್ದರು. ಒಂದು ಕಡೆ ಅವಸರದಲ್ಲಿ ಹಳೇ ಪದದ ತಲೆ ಮತ್ತು ಬಾಲ ಹಾಗೇ ಉಳಿದು, ನಡುವೆ ಹೊಸ ಪದ ಸಿಕ್ಕಿಕೊಂಡಿತ್ತು.

ಇನ್ನು ಬ್ಯಾಕ್ಟೀರಿಯಾದ ಬಾಲ. ಅದರ ಕೆಲವು ಭಾಗಗಳನ್ನೇ ಹೋಲುವ, ಆದರೆ ಬಾಲವೇ ಇಲ್ಲದ ಒಂದು ರಚನೆ ಪ್ಲೇಗ್ ಬ್ಯಾಕ್ಟೀರಿಯಾದಲ್ಲಿ ಇದೆ. ಅದು ಸಿರಿಂಜಿನಂತೆ ವಿಷ ಚುಚ್ಚುತ್ತದೆ. ಯಾವುದು ಮೊದಲು ಬಂತು ಅನ್ನುವ ಚರ್ಚೆ ಇರಬಹುದು. ಆದರೆ ಒಂದು ಭಾಗ ಹೋದರೂ ಉಳಿದದ್ದು ಯಾವ ಕೆಲಸಕ್ಕೂ ಬಾರದು ಅನ್ನುವ ಮಾತು ನಿಲ್ಲುವುದಿಲ್ಲ. ಕಣ್ಣಿನ ಕಥೆಯೂ ಅಷ್ಟೇ. ನಮ್ಮ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ನರಗಳ ತಂತಿ ಬೆಳಕು ಬರುವ ಕಡೆಗೇ ಹಾಸಿಕೊಂಡಿವೆ. ಅವು ಹೊರಗೆ ಹೋಗುವ ಜಾಗದಲ್ಲಿ ಏನೂ ಕಾಣದ ಒಂದು ಕುರುಡು ಚುಕ್ಕೆ ಇದೆ. ಆಕ್ಟೋಪಸ್ ಕಣ್ಣಿನಲ್ಲಿ ತಂತಿ ಹಿಂದೆ ಇವೆ, ಕುರುಡು ಚುಕ್ಕೆ ಇಲ್ಲ.

ಡೋವರ್ ಕೇಸಿನ ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು 139 ಪುಟದ ತೀರ್ಪು ಕೊಟ್ಟರು: ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಇದರ ಬೇರು ಧರ್ಮದಲ್ಲಿದೆ. ಅದೇ ತೀರ್ಪಿನಲ್ಲಿ ವಿಕಾಸವಾದ ದೇವರ ಇರುವಿಕೆಯನ್ನು ಅಲ್ಲಗಳೆಯುವುದಿಲ್ಲ ಅಂತಲೂ ಬರೆದರು. ಈ ಎರಡನೇ ಮಾತನ್ನು ಎರಡೂ ಕಡೆಯವರು ಬೇಗ ಮರೆತುಬಿಡುತ್ತಾರೆ. ಪೋಷಕರ ಪರವಾಗಿ ಸಾಕ್ಷಿ ಹೇಳಿದ ಮೊದಲ ವಿಜ್ಞಾನಿ ಕೆನೆತ್ ಮಿಲ್ಲರ್ ಸ್ವತಃ ಕ್ಯಾಥೊಲಿಕ್.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಸಲಹೆ ಸರಳ. ವಿಜ್ಞಾನ ಬೇಕಾದರೆ ಮೂರು ಮತ್ತು ನಾಲ್ಕರ ನಡುವೆ ಆರಿಸಿಕೊಳ್ಳಿ. ಇವೆರಡರಲ್ಲೂ ಜೀವಶಾಸ್ತ್ರ ಒಂದೇ. ಪರೀಕ್ಷೆಗೆ ಕೂರುವ ಮಕ್ಕಳಿಗಂತೂ ಇದು ಕಡ್ಡಾಯವಾಗಿ ಸಿಗಬೇಕು. 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಪಾಠ ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ನನಗೂ ಅದು ತುಂಬಾ ನೋವು ಕೊಟ್ಟ ಸಂಗತಿ. ಹತ್ತನೇ ತರಗತಿಯ ನಂತರ ಬಹಳಷ್ಟು ಮಕ್ಕಳು ಜೀವಶಾಸ್ತ್ರವನ್ನೇ ಮುಟ್ಟುವುದಿಲ್ಲ.

ಮಡಕೆ ನೋಡಿ ಕುಂಬಾರನ ಗುಣ ಹೇಳಬಹುದಾ?

ಇನ್ನು ಎರಡನೇ ಪ್ರಶ್ನೆ. ಇಂಟೆಲಿಜೆಂಟ್ ಡಿಸೈನ್ ಸರಿ ಅಂತಲೇ ಒಂದು ಕ್ಷಣ ಇಟ್ಟುಕೊಳ್ಳಿ. ಆಗ ಏನು ಸಿಕ್ಕಿತು?

ಈ ವಾದ ನಮ್ಮ ನೆಲಕ್ಕೆ ಹೊಸದೇನಲ್ಲ. ಮಡಕೆ ಇದೆ ಅಂದರೆ ಕುಂಬಾರ ಇದ್ದಾನೆ, ಜಗತ್ತು ಇದೆ ಅಂದರೆ ಈಶ್ವರ ಇದ್ದಾನೆ ಅಂತ ನ್ಯಾಯದರ್ಶನದ ತರ್ಕಪಂಡಿತರಾದ ನೈಯಾಯಿಕರು ಸಾವಿರ ವರ್ಷದ ಹಿಂದೆಯೇ ವಾದಿಸಿದ್ದರು. ಬುದ್ಧಿ ಇಲ್ಲದ ಜಡವಸ್ತು ತಾನಾಗಿ ಮನೆ, ಅರಮನೆ, ಮಂಚ ಆಗುವುದನ್ನು ಯಾರೂ ಕಂಡಿಲ್ಲ ಅಂತ ಶಂಕರರು, ಜಡ ಪ್ರಕೃತಿಯೇ ಜಗತ್ತಾಯಿತು ಅನ್ನುವ ಸಾಂಖ್ಯರಿಗೆ ಉತ್ತರ ಕೊಟ್ಟಿದ್ದರು. ಪೇಲಿಯ ಗಡಿಯಾರಕ್ಕಿಂತ ಇವೆಲ್ಲ ಎಷ್ಟೋ ಹಳೆಯವು.

ನಮ್ಮ ಮನೆ ಕಿಟಕಿಯ ಚೌಕಟ್ಟಿನಲ್ಲಿ ಪ್ರತಿ ಬೇಸಿಗೆ ಒಂದು ಕಣಜದ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಹೆಬ್ಬೆರಳಿನಷ್ಟು ದೊಡ್ಡದು, ದುಂಡಗೆ, ಮೇಲೆ ಸಣ್ಣ ಬಾಯಿ. ಥೇಟ್ ಮಡಕೆ. ಒಮ್ಮೆ ಸುಣ್ಣ ಬಳಿಯುವಾಗ ಅದು ಉದುರಿ ಒಡೆಯಿತು. ಒಳಗೆ ಐದಾರು ಹಸಿರು ಹುಳುಗಳು ಒತ್ತೊತ್ತಾಗಿ ತುಂಬಿದ್ದವು. ಸತ್ತಿವೆ ಅಂದುಕೊಂಡು ಕಡ್ಡಿಯಲ್ಲಿ ಮುಟ್ಟಿದೆ. ಒಂದು ಮೆಲ್ಲಗೆ ಮೈ ಬಾಗಿಸಿತು. ತಾಯಿ ಕಣಜ ಅವನ್ನು ಕೊಲ್ಲುವುದಿಲ್ಲ. ಗೂಡಿನೊಳಗೆ ಮೊದಲು ಮೊಟ್ಟೆ ಇಟ್ಟು, ಆಮೇಲೆ ಹುಳುಗಳನ್ನು ಚುಚ್ಚಿ, ಅಲುಗಾಡದಂತೆ ಮಾಡಿ, ಒಳಗೆ ತುಂಬಿ, ಬಾಯಿ ಮುಚ್ಚುತ್ತದೆ. ಮರಿ ಹೊರಬಂದು ತಾಜಾ ಮಾಂಸ ತಿನ್ನಲಿ ಅಂತ. ನಾನು ಆ ಹುಳುಗಳನ್ನು ಗಿಡದ ಬುಡಕ್ಕೆ ಹಾಕಿದೆ. ಅವು ಬದುಕುವುದಿಲ್ಲ ಅಂತ ಗೊತ್ತಿತ್ತು.

ಅಲ್ಲೊಂದು ಮಡಕೆ ಇತ್ತು. ಅದನ್ನು ಮಾಡಿದ ಕುಂಬಾರನೂ ಇದ್ದ. ಆದರೆ ಮಡಕೆಯ ಚಂದ ನೋಡಿ ಕುಂಬಾರ ಕರುಣಾಮಯಿ ಅಂತ ಹೇಳೋಕೆ ಆಗುತ್ತಿತ್ತಾ? ಬೇರೆ ಹುಳುವನ್ನು ಅದು ಬದುಕಿರುವಾಗಲೇ ಮರಿಗಳು ಒಳಗಿಂದ ತಿನ್ನುವ ಇನ್ನೊಂದು ಬಗೆಯ ಕಣಜಗಳ ಬಗ್ಗೆ ಡಾರ್ವಿನ್ 1860ರಲ್ಲಿ ತಮ್ಮ ಗೆಳೆಯ ಏಸಾ ಗ್ರೇಗೆ ಪತ್ರ ಬರೆದಿದ್ದರು. ಒಳ್ಳೆಯ ದೇವರು ಬೇಕಂತಲೇ ಇದನ್ನು ಮಾಡಿದ ಅಂತ ಒಪ್ಪಲು ಅವರಿಗೆ ಆಗಿರಲಿಲ್ಲ.

ವಿನ್ಯಾಸದಿಂದ ಮಾಡಿದವನ ಜಾಣತನ ತಿಳಿಯಬಹುದು. ಅವನು ನನ್ನ ಮೇಲೆ ಯಾವ ಅಧಿಕಾರ ಇಟ್ಟಿದ್ದಾನೆ, ನನ್ನಿಂದ ಏನು ಬಯಸುತ್ತಾನೆ, ಬಯಸಿದ್ದು ನ್ಯಾಯವಾ ಅನ್ನುವುದು ತಿಳಿಯುವುದಿಲ್ಲ. ಮಾಡಿದ ಮಾತ್ರಕ್ಕೆ ಯಜಮಾನಿಕೆ ಬರುತ್ತದೆ ಅನ್ನುವುದೂ ಸರಿಯಲ್ಲ. ಹೆತ್ತವರು ಮಗುವನ್ನು ಹುಟ್ಟಿಸಿದರು ಅಂತ ಅದನ್ನು ಮಾರಬಹುದಾ? ಆ ವಿಡಿಯೊ ಯಂತ್ರ ತೋರಿಸುತ್ತಾ ತೋರಿಸುತ್ತಾ ಹಾರಿ ದಾಟಿದ್ದು ಈ ಕಂದಕವನ್ನು. ಸಿದ್ಧಾಂತ ಬಾಯಿ ಮುಚ್ಚಿಕೊಂಡ ಕಡೆಯಲ್ಲಿ ದನಿ ಮಾತಾಡಿತು.

ಹಾರುವುದರ ಹಿಂದೆ ಒಂದು ಕಾರಣವೂ ಇದೆ. ಈ ಚಳವಳಿಯನ್ನು ನಡೆಸುವ ಸಿಯಾಟಲ್‌ನ ಡಿಸ್ಕವರಿ ಇನ್‌ಸ್ಟಿಟ್ಯೂಟಿನ ಒಂದು ಒಳಗಿನ ದಾಖಲೆ 1999ರಲ್ಲಿ ಬಯಲಾಯಿತು. ಡಾರ್ವಿನ್, ಮಾರ್ಕ್ಸ್, ಫ್ರಾಯ್ಡ್ ಮುಂತಾದವರು ಮನುಷ್ಯನನ್ನು ಪ್ರಾಣಿ ಅಥವಾ ಯಂತ್ರ ಮಾಡಿಬಿಟ್ಟರು, ಅದರಿಂದ ವೈಯಕ್ತಿಕ ಹೊಣೆಯೇ ಸಡಿಲವಾಯಿತು ಅನ್ನುವುದು ಅದರ ಅಳಲು. ಆ ಆತಂಕ ನನಗೆ ಅರ್ಥವಾಗುತ್ತದೆ. ಹೊಣೆ ಕಳೆದುಹೋದರೆ ಅನ್ನುವ ಭಯ ಸಣ್ಣದಲ್ಲ. ಆದರೆ ಹೊಣೆಯನ್ನು ಬ್ಯಾಕ್ಟೀರಿಯಾದ ಬಾಲಕ್ಕೆ ಕಟ್ಟಿದರೆ ನಾಳೆ ಒಂದು ಪ್ರಯೋಗದಲ್ಲಿ ಬಾಲ ಕಳಚಿದಾಗ ಹೊಣೆಯೂ ಬೀಳುತ್ತದಲ್ಲ?

ಯಾರಿಗೆ ಉತ್ತರ ಹೇಳಬೇಕು

ಸೃಷ್ಟಿಕರ್ತನಿಗೆ ಅನ್ನುವುದು ಮೊದಲ ಉತ್ತರ. ಇದರ ಬಲ ದೊಡ್ಡದು. ಯಾರೂ ನೋಡದ ತಪ್ಪನ್ನು ಅವನು ನೋಡುತ್ತಾನೆ. ಕೋರ್ಟಿಗೆ ಹೋಗಲು ಕಾಸಿಲ್ಲದವನಿಗೆ, ಪೊಲೀಸರನ್ನೇ ಕೊಂಡುಕೊಂಡ ಜಮೀನ್ದಾರನ ಎದುರು ನಿಂತವನಿಗೆ, ಮೇಲೊಬ್ಬ ಇದ್ದಾನೆ ಅನ್ನುವ ಮಾತು ಎಷ್ಟು ದೊಡ್ಡ ಆಸರೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ದೌರ್ಬಲ್ಯ ಏನು? ಅವನ ಪರವಾಗಿ ಮಾತಾಡುತ್ತೇವೆ ಅನ್ನುವ ಮನುಷ್ಯರು ನಡುವೆ ಬಂದು ಕೂರುತ್ತಾರೆ. ಇನ್ನೊಂದು, ಅವನ ಜೊತೆ ರಾಜಿ ಮಾಡಿಕೊಂಡು ಪೆಟ್ಟು ತಿಂದವನನ್ನು ಮರೆಯುವ ಸುಲಭ ದಾರಿ ತೆರೆದುಕೊಳ್ಳುತ್ತದೆ.

ಎರಡನೆಯದು ನ್ಯಾಯಾಧೀಶನೇ ಇಲ್ಲದ ಕರ್ಮ. ಸೃಷ್ಟಿಕರ್ತ ಇಲ್ಲದಿದ್ದರೆ ನೀತಿಯೂ ಇಲ್ಲ ಅನ್ನುವವರಿಗೆ ನಾನು ಮೊದಲು ತೋರಿಸುವುದು ಜೈನರನ್ನು. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಜಿನಸೇನಾಚಾರ್ಯರು ಸಂಸ್ಕೃತದ ಮಹಾಪುರಾಣದಲ್ಲಿ ಸೃಷ್ಟಿಕರ್ತನ ವಾದವನ್ನು ಒಂದೊಂದಾಗಿ ಬಿಡಿಸಿ ಹಾಕಿದರು. ಮಾಡುವ ಮೊದಲು ಅವನು ಎಲ್ಲಿದ್ದ? ಕರುಣೆಯಿಂದ ಮಾಡಿದ್ದರೆ ಎಲ್ಲರನ್ನೂ ಸುಖವಾಗಿ ಯಾಕೆ ಇಡಲಿಲ್ಲ? ತಾನೇ ಹುಟ್ಟಿಸಿದ ಮಕ್ಕಳನ್ನು ಕೊಂದರೆ ಪಾಪ ಯಾರಿಗೆ? ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಇಷ್ಟು ಕಟುವಾಗಿ ಸೃಷ್ಟಿಕರ್ತನನ್ನು ಬೇಡ ಅಂದ ಅದೇ ಧರ್ಮ ಇರುವೆ ಸಾಯದಂತೆ ಹೆಜ್ಜೆ ಇಡಲು ಕಲಿಸಿತು. ವೇದದ ವಿಧಿಗಳನ್ನೇ ಮುಖ್ಯ ಅನ್ನುವ ಪೂರ್ವಮೀಮಾಂಸಕರೂ ಜಗತ್ತನ್ನು ಮಾಡಿದವನು ಬೇಕಿಲ್ಲ ಅಂದರು, ಧರ್ಮವನ್ನು ಬಿಡಲಿಲ್ಲ. ಮಧ್ವರ ದ್ವೈತದಲ್ಲೂ ಒಂದು ವಿಷಯ ಗಮನಿಸಿ: ಜೀವ ಹರಿಯ ಅಧೀನ, ಆದರೆ ಹರಿ ಅದನ್ನು ಶೂನ್ಯದಿಂದ ಹುಟ್ಟಿಸಿದ್ದಲ್ಲ, ಜೀವ ಅನಾದಿ. ಅಂದರೆ "ಮಾಡಿದ, ಅದಕ್ಕೇ ಅಧೀನ" ಅನ್ನುವ ವಿಡಿಯೊದ ಕೊಂಡಿ ಅಲ್ಲೂ ಇಲ್ಲ.

ಕರ್ಮದ ಬಲ ಏನೆಂದರೆ ಅಲ್ಲಿ ಲಂಚ, ಶಿಫಾರಸು ನಡೆಯುವುದಿಲ್ಲ. ಆದರೆ ಅದರ ಗಾಯವೂ ದೊಡ್ಡದು. "ಅವರವರ ಕರ್ಮ" ಅನ್ನುವ ಎರಡು ಪದ ಇಟ್ಟುಕೊಂಡು ಒಂದು ಇಡೀ ಕೇರಿಯನ್ನು ಊರಾಚೆ ಇಟ್ಟವರು ನಾವು. ನೋವು ತಿಂದವನನ್ನೇ ತಪ್ಪಿತಸ್ಥ ಮಾಡುವ ಲೆಕ್ಕ ಯಾವ ಹೆಸರಲ್ಲಿ ಬಂದರೂ ನಾನು ಒಪ್ಪುವುದಿಲ್ಲ.

ಮೂರನೆಯದು ಒಬ್ಬರಿಗೊಬ್ಬರು ಹೊಣೆ ಅನ್ನುವುದು. ನಮ್ಮ ಸಂವಿಧಾನ ಇದಕ್ಕೆ ಜಾಗ ಕೊಟ್ಟಿದೆ. ಮಂತ್ರಿ, ಶಾಸಕ, ನ್ಯಾಯಮೂರ್ತಿ ಯಾರೇ ಆಗಲಿ, ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ಅಂತ ಹೇಳಬಹುದು. ಯಾವುದನ್ನು ಆರಿಸಿದರೂ ಹೊಣೆ ಒಂದೇ. ಇದರ ದೌರ್ಬಲ್ಯ ಎಲ್ಲರಿಗೂ ಗೊತ್ತು: ಬಲ ಇದ್ದವನು ತಪ್ಪಿಸಿಕೊಳ್ಳುತ್ತಾನೆ.

ನನಗೆ ಹತ್ತಿರ ಅನ್ನಿಸಿದ ನಾಲ್ಕನೇ ಉತ್ತರ ತುಳುನಾಡಿನ ಒಂದು ಪಾಡ್ದನದಲ್ಲಿ, ಅಂದರೆ ಜನಪದ ಹಾಡುಗಥೆಯಲ್ಲಿ, ಇದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ. ಇಂಥದ್ದು ಬೇರೆ ಎಲ್ಲೂ ಆಗಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕತ್ತರಿಸಿದ. ಅಣ್ಣನಿಗಾದ ಅನ್ಯಾಯ ನೋಡಿ ತಂಗಿ ಕಲ್ಲುರ್ಟಿ ಎದ್ದು ನಿಂತಳು. ಇಬ್ಬರೂ ದೈವಗಳಾಗಿ ಅರಸನನ್ನು ಕಾಡಿದರು. ಇವತ್ತಿಗೂ ಜನ ಆ ದೈವದ ಮುಂದೆ ಸುಳ್ಳು ಹೇಳಲು ಹೆದರುತ್ತಾರೆ. ಕಲ್ಲುರ್ಟಿ ಜಗತ್ತನ್ನು ಸೃಷ್ಟಿ ಮಾಡಿದವಳಲ್ಲ. ಅನ್ಯಾಯ ಕಂಡವಳು. ಲೆಕ್ಕ ಕೇಳುವ ಹಕ್ಕು ಅವಳಿಗೆ ಬಂದದ್ದು ಅಲ್ಲಿಂದ.

ಸೃಷ್ಟಿಕರ್ತನನ್ನು ನಂಬುವ ಧರ್ಮಗಳೂ ಇದೇ ಜಾಗಕ್ಕೆ ಬರುತ್ತವೆ. ಯಹೂದಿಗಳ ಪ್ರಾಯಶ್ಚಿತ್ತದ ಉಪವಾಸದ ದಿನವಾದ ಯೋಮ್ ಕಿಪ್ಪುರ್ ದೇವರಿಗೆ ಮಾಡಿದ ತಪ್ಪನ್ನು ಕಳೆಯುತ್ತದೆ, ನೆರೆಯವನಿಗೆ ಮಾಡಿದ್ದನ್ನು ಅವನನ್ನು ಸಮಾಧಾನ ಮಾಡುವವರೆಗೆ ಕಳೆಯುವುದಿಲ್ಲ. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಬೇಸರ ಇದೆ ಅಂತ ನೆನಪಾದರೆ ಅದನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂದ ಯೇಸು. ಇಸ್ಲಾಮಿನಲ್ಲೂ ಇನ್ನೊಬ್ಬರ ಹಕ್ಕು ಕಿತ್ತುಕೊಂಡಿದ್ದರೆ ಅದನ್ನು ಅವರಿಗೇ ತೀರಿಸಬೇಕು, ಇಲ್ಲ ಅವರೇ ಮನ್ನಿಸಬೇಕು. ನಾವು ದಿನಾ ಬಳಸುವ "ಹಕ್ಕು" ಅನ್ನುವ ಪದವೇ ಅರಬ್ಬಿಯಿಂದ ಬಂದದ್ದು.

ಹಾಗಾದರೆ ಹೇಗೆ ಆರಿಸಿಕೊಳ್ಳುವುದು? ಹುಡುಗನಿಗೆ ನಾನು ಹೇಳಿದ್ದು ಇದು. ದೇವರನ್ನು ನಂಬುತ್ತೀಯಾ, ನಂಬು, ಅದಕ್ಕೆ ಜೀವಕೋಶದ ಪುರಾವೆ ಬೇಡ. ನಂಬುವುದಿಲ್ಲವಾ, ನಿನ್ನ ಹೊಣೆ ಒಂದು ಗ್ರಾಂ ಕೂಡ ಕಮ್ಮಿ ಆಗಲಿಲ್ಲ. ಯಾವುದೇ ವಾದ ಕೇಳಿದಾಗ ಒಂದೇ ಪ್ರಶ್ನೆ ಕೇಳು: ಇದು ನನ್ನನ್ನು ನಾನು ನೋಯಿಸಿದವರ ಮನೆ ಬಾಗಿಲಿಗೆ ಕರೆದುಕೊಂಡು ಹೋಗುತ್ತದಾ, ಇಲ್ಲಾ ಅವರ ಮನೆ ಬಳಸಿ ಬೇರೆ ದಾರಿ ತೋರಿಸುತ್ತದಾ?

ಇದನ್ನು ನಾನು ಕಲಿತದ್ದು ಅಪ್ಪನ ದಿನಸಿ ಅಂಗಡಿಯಲ್ಲಿ. ಒಂದು ಆಯುಧ ಪೂಜೆಯ ದಿನ ತಕ್ಕಡಿ ತೊಳೆಯಲು ಇಳಿಸಿದಾಗ ಸಾಮಾನು ಹಾಕುವ ತಟ್ಟೆಯ ಅಡಿಯಲ್ಲಿ ಬೆಲ್ಲ ಕರಗಿ, ಧೂಳು ಹಿಡಿದು, ಗಟ್ಟಿಯಾದ ಒಂದು ಉಂಡೆ ಅಂಟಿತ್ತು. ಕೆರೆದು ತೂಗಿದರೆ 40 ಗ್ರಾಂ. ಅಂದರೆ ಪ್ರತಿ ತೂಕದಲ್ಲೂ ಗಿರಾಕಿಗೆ ಅಷ್ಟು ಕಮ್ಮಿ ಹೋಗಿದೆ. ಅಪ್ಪನ ಮುಖ ಇಳಿದುಹೋಯಿತು. ಅಲ್ಲೇ ಇದ್ದ ಚಿಕ್ಕಪ್ಪ, "ಬೇಕಂತ ಮಾಡಿದ್ದಲ್ಲ ಬಿಡಣ್ಣ, ಒಂದಿಷ್ಟು ದುಡ್ಡು ದೇವರ ಹುಂಡಿಗೆ ಹಾಕಿಬಿಡು" ಅಂದರು. ಅಪ್ಪ, "ಅಕ್ಕಿ ಕಮ್ಮಿ ಬಿದ್ದಿದ್ದು ದೇವರಿಗಲ್ಲ" ಅಂದರು.

ಪೂಜೆ ಮುಗಿದ ಮೇಲೆ ಉದ್ರಿ ಪುಸ್ತಕ, ಟಾರ್ಚು, ಎರಡು ಕೇಜಿ ಅಕ್ಕಿ ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಮೊದಲ ಮನೆ ದಿನಾ ಒಂದು ಕೇಜಿ ಅಕ್ಕಿ ಒಯ್ಯುತ್ತಿದ್ದ ಅಜ್ಜಿಯದು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಅಪ್ಪ ನಿಂತುಕೊಂಡೇ ನಡೆದದ್ದನ್ನು ಹೇಳಿ ಚೀಲ ಮುಂದೆ ಇಟ್ಟರು. ಅಜ್ಜಿ ಅದನ್ನು ಎತ್ತಿ ಕೈಯಲ್ಲೇ ತೂಗಿ ನೋಡಿದಳು.

"ಗೌರಿ ಹಬ್ಬಕ್ಕಿಂತ ಮುಂಚಿಂದ್ಲೂ ಹಿಂಗೇ ಕಮ್ಮಿ ಬರ್ತಿತ್ತು ಕಣಪ್ಪ. ಅಳತೆ ಪಾವಲ್ಲಿ ಹಾಕಿದ್ರೆ ಗೊತ್ತಾಗ್ತಿತ್ತು. ಸಾಲದಲ್ಲಿ ತರೋರು ನಾವು, ಹೆಂಗೆ ಕೇಳ್ಲಿ?"

ಅಪ್ಪ ಒಂದು ಕ್ಷಣ ಸುಮ್ನೆ ನಿಂತರು. ಆಮೇಲೆ ಜಗಲಿ ಮೇಲೆ ಕೂತು, ಟಾರ್ಚನ್ನು ನನ್ನ ಕೈಗೆ ಕೊಟ್ಟು, ಉದ್ರಿ ಪುಸ್ತಕದ ಹಾಳೆಗಳನ್ನು ಗೌರಿ ಹಬ್ಬದಿಂದಲೂ ಹಿಂದಕ್ಕೆ ತಿರುವಿದರು. "ಯಾವಾಗಿಂದ ಅಂತ ನೆನಪು ಮಾಡಿಕೊಂಡು ಹೇಳಜ್ಜಿ, ಬರ್ಕೋತೀನಿ" ಅಂದರು.